ಆಯನೂರಿನಿಂದ ಭದ್ರಾವತಿಗೆ, ಬಿರುಕು ಬಿಟ್ಟ ಗಾಜಿನ ಹಿಂದೆ

ಬೆಳಿಗ್ಗೆ ತಿಂಡಿ ಮುಗಿಸಿ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದೆ. ತೊಡೆಯ ಮೇಲೆ ಅಮ್ಮ ಕೊಟ್ಟ ಬುಟ್ಟಿ. ಅದರಲ್ಲಿ ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಕೊಬ್ಬರಿ ಬಟ್ಟಲು, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ಆಯನೂರಿಗೆ ಮದುವೆಯಾಗಿ ಹೋಗಿದ್ದ ನನ್ನ ತಂಗಿ ಶೈಲಾಗೆ ಏಳು ತಿಂಗಳು ತುಂಬಿತ್ತು. ಅವಳನ್ನು ಹೆರಿಗೆಗೆಂದು ತವರಿಗೆ ಕರೆತರಲು ಹೊರಟಿದ್ದೆ. ಹೋಗಿ ಬರುವ ದಾರಿ ಎಲ್ಲ ಸೇರಿದರೂ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರು ಅಷ್ಟೆ. ಇದನ್ನು ಪ್ರವಾಸ ಎಂದರೆ ಓದುವವರು ನಗಬಹುದು. ಆದರೆ ನಾನು ಮಾಡಿದ ದೂರದ ಪ್ರಯಾಣಗಳಲ್ಲಿ ಯಾವುದೂ ನನ್ನನ್ನು ಇಷ್ಟು ಹೆದರಿಸಿಲ್ಲ.

ಇಸವಿ ಎರಡು ಸಾವಿರದ ಒಂದೋ ಎರಡೋ ಇರಬೇಕು. ಶಿವರಾತ್ರಿ ಕಳೆದಿತ್ತು ಎಂದು ಬರೆಯಲು ಹೋಗಿ ತಡೆದೆ. ಆ ದಿನದ ಬಿಸಿಲು ನೆನಪಿದೆ, ಅದರಿಂದ ತಿಂಗಳನ್ನು ಊಹಿಸುತ್ತಿದ್ದೇನೆ ಅಷ್ಟೆ. ದಿನಾ ಡೈರಿ ಬರೆಯುವ ಅಭ್ಯಾಸ ನನಗೆ ಎಂ.ಎ. ಓದುವಾಗಿನಿಂದಲೂ ಇದೆ. ಆದರೆ ಆ ಗುರುವಾರದ ಪುಟದಲ್ಲಿ ಇರುವುದು "ಶೈಲಾಳನ್ನು ಕರೆತಂದೆವು" ಎಂಬ ಒಂದೇ ಸಾಲು. ಉಳಿದದ್ದನ್ನು ನೆನಪಿನಿಂದಲೇ ತೆಗೆದು ಬರೆಯಬೇಕು. ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ಹೊರಡುವಾಗ ಅಮ್ಮ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದಳು. "ದೀಪ ಹಚ್ಚೋದ್ರೊಳಗೆ ಅವಳು ಹೊಸ್ತಿಲು ದಾಟಿರಬೇಕು ಕಣೆ. ಏನೇ ಆಗ್ಲಿ." ಶೈಲಾ ಹಿಂದಿನ ಸಲ ಬಸುರಿಯಾಗಿದ್ದಾಗ ಹಬ್ಬಕ್ಕೆಂದು ತವರಿಗೆ ಬಂದಳು. ದಾರಿಯಲ್ಲಿ ಬಸ್ಸು ಕೆಟ್ಟು, ದೇವರ ಮುಂದೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ ಹೊಕ್ಕಳು. ಒಂದು ವಾರದೊಳಗೆ ಆ ಮಗು ಹೋಯಿತು. ಡಾಕ್ಟರು ಹೇಳಿದ ಕಾರಣ ಬೇರೆ, ಅಮ್ಮ ನಂಬಿದ ಕಾರಣ ಬೇರೆ. ಬಸುರಿ ಮಗಳು ದೀಪ ಹಚ್ಚಿದ ಮೇಲೆ ತವರಿಗೆ ಕಾಲಿಡಬಾರದಿತ್ತು ಎಂದು ಅಮ್ಮ ಎಷ್ಟು ಸಲ ಅತ್ತಳೋ. ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ನಂಬಿಕೆಯಿಲ್ಲ ಎಂದು ಅವಳೆದುರು ಹೇಳುವ ಧೈರ್ಯವೂ ಇರಲಿಲ್ಲ.

ಶಿವಮೊಗ್ಗದ ಬಸ್ ನಿಲ್ದಾಣದ ಹೊರಗೆ ಶೈಲಾಳ ಗಂಡ ಚಂದ್ರು ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಂದೆ ಮೂತಿಯಿಲ್ಲದ, ಪಕ್ಕಕ್ಕೆ ಜಾರುವ ಬಾಗಿಲಿನ ಬಿಳಿ ವ್ಯಾನು. ಅದನ್ನು ಬಾಡಿಗೆಗೆ ಓಡಿಸಿ ಅವನು ಸಂಸಾರ ನಡೆಸುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತರೆ ಗಾಜಿಗೂ ಮಂಡಿಗೂ ಒಂದು ಮೊಳ ಅಂತರ. ಎದುರು ಬರುವ ಬಸ್ಸು ಮಡಿಲಿಗೇ ಬರುತ್ತಿದೆ ಅನ್ನಿಸುತ್ತದೆ.

"ಹೆದರ್ಕೋಬೇಡಿ ಅಕ್ಕ, ಈ ಗಾಡೀಲಿ ಮುಂದೆ ಕೂತೋರೆಲ್ಲ ದೇವ್ರ ಭಕ್ತರಾಗಿ ಇಳೀತಾರೆ," ಎಂದು ಚಂದ್ರು ನಕ್ಕ.

ಸಾಗರ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಜಲ್ಲಿ ಲಾರಿ ಹೋಗುತ್ತಿತ್ತು. ಮೇಲೆ ತಾಡಪಾಲು ಇರಲಿಲ್ಲ. ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮದ ಫಲಕ ಬಂತು. ನಾನು ಅದನ್ನೇ ನೋಡುತ್ತಿದ್ದೆ. ಆಗ 'ಚಟ್' ಎಂದು ಸದ್ದಾಯಿತು. ಚಂದ್ರು ಲಾರಿಯವನ ವಂಶವನ್ನೆಲ್ಲ ಬಯ್ದ. ನಾನು ಗಾಜಿನ ಕಡೆ ತಿರುಗಿದೆ. ಅದರ ಮೇಲೆ ಧೂಳು, ಸತ್ತ ಹುಳುಗಳು, ಬಿಸಿಲು. ಏಟಿನ ಗುರುತು ಆಗ ಕಂಡಿತೇ? ಕಂಡಿತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ನಾನು ಖಂಡಿತವಾಗಿ ಕೇಳಿದ್ದು ಸದ್ದು ಮಾತ್ರ.

ಆಯನೂರಿನ ಮನೆಯಲ್ಲಿ ಹೋಳಿಗೆ ಊಟವಾಯಿತು. ಶೈಲಾಳ ಅತ್ತೆ ಗಿರಿಜಮ್ಮ ಬುಟ್ಟಿ ಬಿಚ್ಚಿ ಒಂದೊಂದನ್ನೂ ಎತ್ತಿ ನೋಡಿದರು. "ಕೊಬ್ಬರಿ ಬಟ್ಲು ಇಷ್ಟೇ ಇಷ್ಟಿದೆಯಲ್ಲೇ ಮಾರಾಯ್ತಿ! ಭದ್ರಾವತಿ ತೆಂಗಿನ ಮರಗಳೆಲ್ಲ ಕೊಬ್ಬರಿ ಬಿಡೋದ್ ಬಿಟ್ಟು ಕಬ್ಬಿಣ ಬಿಡ್ತಾವೇನು?" ಎಂದು ನನ್ನನ್ನು ಕಿಚಾಯಿಸಿದರು. ಅವರ ಮನೆಯಲ್ಲಿ ದಿನಾ ಲಿಂಗಪೂಜೆ. ಅವರ ಹಣೆಯ ವಿಭೂತಿ ಅಳಿಸಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಸೊಸೆಗೆ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ, ರಾಹುಕಾಲ ಮುಗಿಯುವವರೆಗೆ ನಮ್ಮನ್ನು ಕೂರಿಸಿ, ಮೂರು ಗಂಟೆಗೆ ಹೊರಡಿಸಿದರು. ಶೈಲಾ ಮೆಟ್ಟಿಲಿಳಿದಳು. ತುಂಬಿದ ಮಡಿಲಿನಲ್ಲಿ ಮೆಟ್ಟಿಲಿಳಿದವಳು ಮತ್ತೆ ಮನೆಯೊಳಗೆ ಹೋಗುವಂತಿಲ್ಲ.

ವ್ಯಾನು ಮಧ್ಯಾಹ್ನವೆಲ್ಲ ಅಂಗಳದ ಬಿಸಿಲಿನಲ್ಲಿ ನಿಂತಿತ್ತು. ಗಿರಿಜಮ್ಮ ಅದರ ಪೂಜೆಗೆ ಬಂದವರು ಗಾಜಿನ ಎಡಭಾಗಕ್ಕೆ ಬೆರಳು ತೋರಿಸಿದರು.

"ಇದೇನೋ ಚಂದ್ರ, ಗಾಯ?"

ಹುಣಸೆ ಬೀಜದಷ್ಟು ದೊಡ್ಡ ಗುರುತು. ನಡುವೆ ಒಂದು ಗುಳಿ, ಸುತ್ತ ಕೂದಲಿನಂಥ ಗೆರೆಗಳು. ಸೊಸೆ ಹೊರಡುವ ದಿನವೇ ಗಾಡಿಗೆ ದೃಷ್ಟಿ ತಗುಲಿದೆ ಎಂದು ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ವಿಭೂತಿ ಗಟ್ಟಿ ತಂದರು, ನೀರು ಹಾಕಿ ಅಂಗೈಯಲ್ಲಿ ತೇದರು. ಮಗು ಬಿದ್ದು ಮಂಡಿ ಒಡೆದುಕೊಂಡರೆ ಹಚ್ಚುವ ಹಾಗೆ ಆ ಗುಳಿಗೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ಮೇಲೆ ಮೂರು ಬೆರಳು ಎಳೆದರು. ಆಮೇಲೆ ಬಾವಿಯ ನೀರಿನ ತಂಬಿಗೆ ಎತ್ತಿ, ಚಕ್ರಗಳ ಮುಂದೆ ಚೆಲ್ಲಿ, ಉಳಿದದ್ದನ್ನು "ತಣ್ಣಗಿರು ತಂದೆ" ಎನ್ನುತ್ತ ಗಾಜಿನ ಮೇಲೆಯೇ ಸುರಿದರು.

'ಪಿಣ್' ಎಂದಿತು. ಕಾದ ಹಂಚಿಗೆ ನೀರು ಬಿದ್ದಂಥ ಸದ್ದಲ್ಲ. ವೀಣೆಯ ತಂತಿ ಕಡಿದಂಥದ್ದು. ಗುಳಿಯಿಂದ ಒಂದು ಗೆರೆ ಹೊರಟು, ನಾವು ನೋಡುತ್ತಿದ್ದ ಹಾಗೆಯೇ ಬಲಕ್ಕೆ ಒಂದು ಗೇಣು ಓಡಿ ನಿಂತಿತು.

ಗಿರಿಜಮ್ಮನ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ಅವರಿಗೆ ಏನು ಅರ್ಥವಾಯಿತೋ ತಿಳಿಯದು. "ದೃಷ್ಟಿ ಒಡೀತು, ಒಳ್ಳೇದಾಯ್ತು," ಎಂದರು, ಆದರೆ ಧ್ವನಿ ಗಟ್ಟಿಯಿರಲಿಲ್ಲ.

"ಏನೂ ಆಗಲ್ಲ. ಹತ್ತಿ," ಎಂದ ಚಂದ್ರು.

ಶೈಲಾ ಹಿಂದಿನ ಸೀಟಿನಲ್ಲಿ, ಎರಡು ದಿಂಬುಗಳ ನಡುವೆ ಕೂತಳು. ನಾನು ಮುಂದೆ ಕೂತೆ. ಊರು ದಾಟಿದ ಮೇಲೆ ನಾನು ಒಳಗಿನಿಂದ ಆ ಗೆರೆಯ ಮೇಲೆ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ, ನುಣುಪು. ಎರಡು ಗಾಜಿನ ನಡುವೆ ಅಂಟಿನ ಹಾಳೆಯಿಟ್ಟು ಮಾಡುವ ಗಾಜಿದು, ಒಡೆದಿರುವುದು ಹೊರಗಿನ ಪದರ ಮಾತ್ರ ಎಂದು ನನಗೆ ಅನ್ನಿಸಿತು. ಇಂಥ ವಿಷಯಗಳನ್ನು ನಾನು ಎಲ್ಲಿಯೋ ಓದಿರುತ್ತೇನೆ, ಎಲ್ಲಿ ಎಂದು ಮಾತ್ರ ನೆನಪಿರುವುದಿಲ್ಲ. ಗೆರೆ ಮುಂದುವರಿಯುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಗುರುತು ಬೇಕಿತ್ತು. ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು, ಗೆರೆ ಮುಗಿಯುವ ಜಾಗಕ್ಕೆ ಸರಿಯಾಗಿ ಒಳಗಿನಿಂದ ಅಂಟಿಸಿದೆ.

"ಅಕ್ಕ, ಗಾಜಿಗೆ ಶೃಂಗಾರ ಮಾಡ್ತಿದೀರಾ?" ಎಂದ ಚಂದ್ರು.

"ನೀವು ರಸ್ತೆ ನೋಡಿ ಚಂದ್ರು, ನಾನು ಬೊಟ್ಟು ನೋಡ್ತೀನಿ."

ಹಿಂದೆ ಶೈಲಾಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಮೊದಲ ರಸ್ತೆ ಉಬ್ಬು ಬಂತು. ಚಂದ್ರು ಎತ್ತಿನಗಾಡಿಯಷ್ಟು ನಿಧಾನವಾಗಿ ದಾಟಿಸಿದ. ಗೆರೆ ಬೊಟ್ಟಿನಲ್ಲೇ ಇತ್ತು. ತ್ಯಾವರೆಕೊಪ್ಪ ದಾಟಿತು, ಅಲ್ಲಿ ಡಾಂಬರು ಕಿತ್ತ ಜಾಗದಲ್ಲಿ ವ್ಯಾನು ಒಮ್ಮೆ ಅಲುಗಿತು. ಮತ್ತೆ ನೋಡಿದಾಗ ಗೆರೆಯ ತುದಿ ಬೊಟ್ಟಿನ ಆಚೆ ಇತ್ತು. ಒಂದು ಭತ್ತದ ಕಾಳಿನಷ್ಟು. ಅದು ನಾನು ಬೊಟ್ಟನ್ನು ವಾರೆಯಾಗಿ ಅಂಟಿಸಿದ್ದರಿಂದಲೋ, ತಲೆ ಬಾಗಿಸಿ ನೋಡಿದ್ದರಿಂದಲೋ ಎಂದು ನನ್ನನ್ನೇ ಕೇಳಿಕೊಂಡೆ. ಶಿವಮೊಗ್ಗದ ಮೊದಲ ಮನೆಗಳು ಕಾಣುವ ಹೊತ್ತಿಗೆ ಎರಡು ಕಾಳು ಆಗಿತ್ತು. ಕೇಳಿಕೊಳ್ಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಚಂದ್ರು, ಇದು ಹೋಗ್ತಾ ಇದೆ. ಗ್ಲಾಸ್ ಅಂಗಡಿ ಹತ್ರ ನಿಲ್ಸಿ."

"ಇನ್ನು ಹದಿನೆಂಟು ಕಿಲೋಮೀಟ್ರು ಅಕ್ಕ. ನಾಳೆ ತೋರಿಸ್ತೀನಿ."

"ನಿಲ್ಸಿ," ಎಂದಳು ಶೈಲಾ. ಆಯನೂರಿನಿಂದ ಹೊರಟ ಮೇಲೆ ಅವಳಾಡಿದ ಮೊದಲ ಮಾತು.

ಬಿ.ಎಚ್. ರಸ್ತೆಯಲ್ಲಿ, ಟೈರು ಅಂಗಡಿಗಳ ಸಾಲಿನಲ್ಲಿ ಇಕ್ಬಾಲ್ ಎಂಬವನ ಗಾಜಿನ ಅಂಗಡಿ. ಚಂದ್ರುವಿಗೆ ಪರಿಚಯವಿದ್ದವನೇ. ಮಾತಿನ ಮಲ್ಲ, ಬಾಯಲ್ಲಿ ಎಲೆ ಅಡಿಕೆ. ಬಂದು ಗಾಜಿನ ಮುಂದೆ ಬಾಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಯಾವಾಗ ಆಗಿದ್ದು ಇದು?"

"ಅದು ಹಳೇದು ಮಾರಾಯ. ಮಳೆಗಾಲದಿಂದ ಇದೆ," ಎಂದ ಚಂದ್ರು.

ನಾನು ಬೆಚ್ಚಿದೆ. "ಇಲ್ಲ, ಇವತ್ತು ಬೆಳಿಗ್ಗೆ. ಜಲ್ಲಿ ಲಾರಿಯಿಂದ ಕಲ್ಲು ಬಿತ್ತಲ್ಲ, ತ್ಯಾವರೆಕೊಪ್ಪದ ಹತ್ರ."

"ಅದು ಬಂಪರ್‌ಗೆ ಬಿದ್ದಿದ್ದು ಅಕ್ಕ. ನೀವು ಹುಲಿ ಬೋರ್ಡ್ ನೋಡ್ತಾ ಇದ್ರಿ."

ನೋಡುತ್ತಿದ್ದುದು ನಿಜ. ಸದ್ದಾದ ಮೇಲೆ ಗುರುತನ್ನು ಕಂಡೆನೇ, ಅಥವಾ ಆಯನೂರಿನ ಅಂಗಳದಲ್ಲಿ ಕಂಡದ್ದನ್ನು ಹಿಂದಕ್ಕೆ ಒಯ್ದು ಆ ಸದ್ದಿಗೆ ಅಂಟಿಸಿಕೊಂಡೆನೇ? ಇಕ್ಬಾಲ್ ನಮ್ಮಿಬ್ಬರ ಮುಖ ನೋಡುತ್ತ ನಿಂತ. ಗುರುತು ಹೊಸದು, ಗುಳಿ ಒಣಗಿದೆ, ಚೊಕ್ಕಟವಾಗಿದೆ ಎಂದಾದರೆ ಅದರೊಳಗೆ ಒಂದು ಬಗೆಯ ಅಂಟು ಇಳಿಸಿ, ಬಿಸಿಲಿನಲ್ಲಿ ಗಟ್ಟಿ ಮಾಡಿ ಉಳಿಸಬಹುದು ಎಂದ. ಎಂಟಾಣೆಯಷ್ಟು ಅಗಲದೊಳಗೆ ಇರಬೇಕು, ಡ್ರೈವರ್ ಕಣ್ಣಿನ ಎದುರು ಇರಬಾರದು, ಅಂಚಿನಿಂದ ದೂರ ಇರಬೇಕು. ಮಳೆಗಾಲದಿಂದ ನೀರು ಕುಡಿದ ಗುಳಿಗೆ ಅಂಟು ಹಿಡಿಯುವುದಿಲ್ಲ.

"ಹೇಳಿ ಮೇಡಂ. ಹೊಸದಾ, ಹಳೇದಾ? ನಿಮ್ಮ ಭಾವಂದು ಒಂದು, ನಿಮ್ದು ಒಂದು."

"ಭಾವ ಅಲ್ಲ, ತಂಗಿ ಗಂಡ," ಎಂದೆ.

ಶೈಲಾ ಜಾರುಬಾಗಿಲು ಅರ್ಧ ಸರಿಸಿ ತಲೆ ಹೊರಗೆ ಹಾಕಿದಳು. "ಅಕ್ಕ, ಯಾವಾಗ ಬಿತ್ತು ಅಂತ ಇಬ್ರೂ ಯಾಕೆ ಕಿತ್ತಾಡ್ತೀರಾ? ಈಗ ಎಲ್ಲಿಗೆ ಹೋಗ್ತಿದೆ ಅಂತ ನೋಡಿ."

ಇಕ್ಬಾಲ್ ಗುಳಿಯ ಮೇಲಿನ ಬಿಳಿಯನ್ನು ಸೂಜಿಮೊನೆಯಿಂದ ಕೆದಕಿದ. ಪುಡಿ ಉದುರಿತು, ಆದರೆ ಗೆರೆಯೊಳಗೆ ಹೋಗಿ ಕೂತದ್ದು ಬರಲಿಲ್ಲ. "ಇದೇನು, ಚಾಕ್‌ಪೀಸಾ?"

"ವಿಭೂತಿ," ಎಂದ ಚಂದ್ರು. "ನಮ್ಮಮ್ಮ ಹಚ್ಚಿದ್ದು."

ಇಕ್ಬಾಲ್ ಕೈ ಹಿಂದೆ ತೆಗೆದ. "ದೇವರದ್ದು, ನಾನೇನೂ ಅನ್ನಲ್ಲ. ಅಮ್ಮಾವ್ರ ದುವಾ ಅದು. ಆದ್ರೆ ಚಂದ್ರಣ್ಣ, ಬೂದಿ ಒಳಗಿಳಿದಿದೆ, ಮೇಲೆ ನೀರು ಬಿದ್ದಿದೆ, ಗೆರೆ ಗೇಣು ದಾಟಿದೆ. ಬೆಳಿಗ್ಗೇನೇ ಬಂದಿದ್ರೆ ಒಂದು ಚುಕ್ಕೆ ಅಂಟಲ್ಲಿ ಮುಗೀತಿತ್ತು. ಇನ್ನು ರಿಪೇರಿ ಅಂದ್ರೆ ನಿಮಗೆ ನಾನು ಧೋಕಾ ಮಾಡಿದ ಹಾಗೆ."

ಗಿರಿಜಮ್ಮ ಪ್ರೀತಿಯಿಂದ ಮಾಡಿದ್ದನ್ನು ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ ತಪ್ಪು ಎಂದ ಹಾಗಾಯಿತು. ಚಂದ್ರುವಿನ ಕಿವಿ ಕೆಂಪಾದವು. ವ್ಯಾಪಾರದವರ ಮಾತು ಇಷ್ಟೇ, ಮುರಿಯದಿದ್ದರೂ ಮುರಿದಿದೆ ಅಂತಾರೆ ಎಂದು ಗೊಣಗಿದ. "ಅಂಟಿನ ಗಾಜು ಅಂತ ನೀನೇ ಹೇಳ್ತೀಯ. ಬಿರುಕು ಬಿಟ್ರೂ ಕೈ ಬಿಡಲ್ಲ ಅಂತ ನೀನೇ ಹೇಳ್ತೀಯ. ಹದಿನೆಂಟು ಕಿಲೋಮೀಟ್ರು ಬಿಡುತ್ತಾ? ಹತ್ತಿ ಅಕ್ಕ, ಹೋಗಾಣ." ಹಾಗೆಂದು ತನ್ನ ಸೀಟಿಗೆ ಹೋಗಿ ಬಾಗಿಲನ್ನು ದಡಾರನೆ ಎಳೆದುಕೊಂಡ.

'ಟಿಕ್.'

ಗೆರೆ ಬೊಟ್ಟನ್ನು ಹಿಂದೆ ಬಿಟ್ಟು, ಚಂದ್ರುವಿನ ಮುಖದ ಮುಂದೆಯೇ ಸಾಗಿ, ಮೇಲಕ್ಕೆ ಬಾಗಿ, ಕಪ್ಪು ರಬ್ಬರಿನ ಅಂಚಿಗೆ ಹೋಗಿ ಮುಟ್ಟಿತು. ಬಾಗಿಲು ಬಡಿದ ಒಂದೇ ಗುದ್ದಿಗೆ. ಚಂದ್ರು ಬಾಗಿಲ ಹಿಡಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಗಾಜಿನ ಆ ಕಡೆ ಅವನ ಮುಖ ಗೆರೆಯ ಮೇಲೊಂದು ತುಂಡು, ಕೆಳಗೊಂದು ತುಂಡಾಗಿ ಕಾಣುತ್ತಿತ್ತು.

"ಅಂಚು ಮುಟ್ಟಿತು," ಎಂದ ಇಕ್ಬಾಲ್, ಈಗ ಮೆಲ್ಲಗೆ. "ಗಾಜು ಪೂರಾ ಉದುರಿ ಬೀಳಲ್ಲ, ಅದು ನಿಜ. ಆದ್ರೆ ಚೌಕಟ್ಟಿಗೆ ಅದರ ಹಿಡಿತ ಹೋಯ್ತು. ಸಂಜೆ ಎದುರು ಗಾಡಿ ಲೈಟು ಈ ಗೆರೆ ಮೇಲೆ ಬಿದ್ರೆ ಒಂದು ಲೈಟು ನಾಕಾಗಿ ಕಾಣುತ್ತೆ. ಯಾವ್ದು ಗಾಡಿ, ಯಾವ್ದು ನೆರಳು, ಹೇಳು ನೋಡಾಣ."

ಇನ್ನು ರಿಪೇರಿಯ ಮಾತಿರಲಿಲ್ಲ, ಬದಲಿಸಬೇಕು. ಆದರೆ ಬದಲಿಸುವುದೂ ನೇರವಾಗಿರಲಿಲ್ಲ. ಇಕ್ಬಾಲ್ ಒಳಗಿನಿಂದ ಒಂದು ಗಾಜು ತಂದು ಗೋಡೆಗೆ ಒರಗಿಸಿದ. ಸೈಜು ಸರಿ, ಈಗಲೇ ಹಾಕಿಕೊಡುತ್ತೇನೆ, ಬೆಳಕಿರುವಾಗಲೇ ಭದ್ರಾವತಿ ಸೇರುತ್ತೀರಿ ಎಂದ. ನಾನು ಕನ್ನಡಕ ಸರಿಮಾಡಿಕೊಂಡು ಗಾಜಿನ ಮೂಲೆಯಲ್ಲಿ ಕೊರೆದ ಸಣ್ಣ ಅಕ್ಷರ ಓದಿದೆ. 'ಟಫನ್ಡ್' ಎಂದಿತ್ತು.

"ಇದು ಅಂಟಿನ ಗಾಜಲ್ಲ."

"ಅಯ್ಯೋ, ಮೇಡಂ ಓದೇಬಿಟ್ರು!" ಎಂದು ನಕ್ಕ. ನಾಚಿಕೆಯೇನೂ ಆದಂತೆ ಕಾಣಲಿಲ್ಲ. "ಗಟ್ಟಿ ಗಾಜು ಮೇಡಂ. ಹಳೇ ಗಾಡಿಗಳಿಗೆಲ್ಲ ಇದೇ ಇರೋದು. ಬಿರುಕೇ ಬಿಡಲ್ಲ."

"ಬಿರುಕು ಬಿಡಲ್ಲ. ಒಡೆದ್ರೆ?"

ಅವನು ಎಲೆ ಅಡಿಕೆ ಉಗಿದು ಬಂದ. "ಒಡೆದ್ರೆ ಪೂರಾ ಒಂದೇ ಸಲ. ಕಲ್ಲುಸಕ್ಕರೆ ಸುರಿದ ಹಾಗೆ ಮೈಮೇಲೆ."

ಅಂಟಿನ ಗಾಜು ಅವನ ಗೋಡೌನಿನಲ್ಲಿತ್ತು. ಬೀಗದ ಕೈ ಅವನ ತಮ್ಮನ ಹತ್ತಿರ. ತಮ್ಮ ಮದುವೆಯೊಂದಕ್ಕೆ ಹೊಳೆಹೊನ್ನೂರಿಗೆ ಹೋಗಿದ್ದ, ಐದು ಗಂಟೆಗೆ ಬರುತ್ತಾನೆ. ಆಮೇಲೆ ತಂದು ಹಾಕಬೇಕು. ಭದ್ರಾವತಿ ಸೇರುವಾಗ ಕತ್ತಲಾಗಿರುತ್ತದೆ.

ಟ್ಯಾಕ್ಸಿ ಮಾಡೋಣವೇ ಎಂದು ನಾನು ಚಂದ್ರುವನ್ನು ಕೇಳಿದೆ. "ಹೆಂಡ್ತೀನ ಮಡಿಲು ತುಂಬಿ ಬಾಡಿಗೆ ಕಾರಲ್ಲಿ ತವರಿಗೆ ಕಳಿಸ್ಲಾ? ನಾನು ಇದ್ದೂ?" ಎಂದ. ಅದಕ್ಕೆ ಇಕ್ಬಾಲನೂ ದನಿಗೂಡಿಸಿದ: ಸ್ಟ್ಯಾಂಡಿನ ಕಾರುಗಳಿಗೆಲ್ಲ ಹಳೆ ಗಟ್ಟಿ ಗಾಜೇ, ಸಾಲದ್ದಕ್ಕೆ ಸ್ಪ್ರಿಂಗು ಸತ್ತ ಗಾಡಿಗಳು, ಏಳು ತಿಂಗಳ ಬಸುರಿಯನ್ನು ಅದರಲ್ಲಿ ಕುಲುಕಿಸಿಕೊಂಡು ಹೋಗುತ್ತೀರಾ ಎಂದು. ರವೀಂದ್ರನಗರದಲ್ಲಿ ಚಿಕ್ಕಮ್ಮನ ಮನೆಯಿತ್ತು. ಅಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹೋದರಾಗದೇ ಎಂದೆ. ತುಂಬಿದ ಮಡಿಲಿನಲ್ಲಿ ದಾರಿ ನಡುವೆ ಇನ್ನೊಂದು ಮನೆ ಹೊಗುವುದೇ ಎಂಬಂತೆ ಚಂದ್ರು ನನ್ನ ಮುಖ ನೋಡಿದ. ಆ ನಿಯಮಗಳು ನನಗೆ ಗೊತ್ತಿಲ್ಲದ್ದೇನಲ್ಲ. ಅಂದು ಮಾತ್ರ ಅವು ಒಂದರ ಹಿಂದೆ ಒಂದು ಬಾಗಿಲು ಹಾಕಿಕೊಂಡಂತೆ ಅನ್ನಿಸಿತು.

ಕಡೆಗೆ ಎರಡೇ ಉಳಿದವು. ಗಟ್ಟಿ ಗಾಜು ಹಾಕಿಸಿಕೊಂಡು ದೀಪದ ಹೊತ್ತಿಗೆ ಮುಂಚೆ ಮನೆ. ಅಥವಾ ಅಂಟಿನ ಗಾಜಿಗೆ ಕಾದು, ದೀಪದ ಹೊತ್ತು ದಾಟಿ ಮನೆ.

"ಗಟ್ಟಿ ಗಾಜೇ ಹಾಕ್ಸಾಣ," ಎಂದ ಚಂದ್ರು. "ಅತ್ತೆ ಕಾಯ್ತಿರ್ತಾರೆ. ಹಿಂದಿನ ಸಲದ್ದು ಅವ್ರ ಮನಸ್ಸಲ್ಲಿದೆ ಅಕ್ಕ, ನಿಮಗೇ ಗೊತ್ತು. ಬರೀ ಹದಿನೆಂಟು ಕಿಲೋಮೀಟ್ರಲ್ಲಿ ಏನಾಗುತ್ತೆ?"

ನಾನು ಏನು ಹೇಳಿದೆ? ಶೈಲಾ ಈಗ ಹೇಳುವ ಪ್ರಕಾರ, ನಾನು "ಕಾಯೋಣ" ಎಂದೆನಂತೆ. ನನಗೆ ನೆನಪಿರುವಂತೆ ನಾನು ಸುಮ್ಮನಿದ್ದೆ. ಗಟ್ಟಿ ಗಾಜು ಹಾಕಿಸಿಕೊಂಡು ಹೋಗಿ ದಾರಿಯಲ್ಲಿ ಇನ್ನೊಂದು ಕಲ್ಲು ಬಿದ್ದರೆ ಎಂಬುದು ನನ್ನ ಭಯ. ಕಾದು, ತಡವಾಗಿ ಹೋಗಿ, ಮುಂದೆ ಬೇರೆ ಯಾವುದೋ ಕಾರಣಕ್ಕೆ ಏನಾದರೂ ಆದರೆ, ಅಮ್ಮ ಜೀವನಪೂರ್ತಿ ಈ ಸಂಜೆಯನ್ನು ನೆನೆಯುತ್ತಾಳೆ ಎಂಬುದು ಇನ್ನೊಂದು ಭಯ. ಎರಡನ್ನೂ ತೂಗುವ ತಕ್ಕಡಿ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಶೈಲಾ ವ್ಯಾನಿನಿಂದ ಇಳಿದಳು. ಅವಳೇ ನಿಧಾನವಾಗಿ ಅಂಗಡಿಯೊಳಗೆ ನಡೆದು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತಳು.

"ನಾನು ಕಾಯ್ತೀನಿ," ಎಂದಳು.

"ಶೈಲಾ, ದೀಪ..." ಎಂದ ಚಂದ್ರು.

"ಹೋದ ಸಲ ಹೊಟ್ಟೆ ನೋಯ್ತಿದೆ ಅಂದಾಗ ಎಲ್ರೂ ಏನೂ ಆಗಲ್ಲ ಅಂದ್ರಿ. ನೀವು ಅಂದ್ರಿ, ಅತ್ತೆ ಅಂದ್ರು, ಅಮ್ಮಾನೂ ಅಂದ್ಲು. ನಾನೂ ಆಗಲ್ಲ ಅಂದ್ಕೊಂಡೆ." ಅವಳ ಧ್ವನಿ ಏರಲಿಲ್ಲ. "ಈ ಸಲ ಯಾರೂ ಹಾಗನ್ಬೇಡಿ. ದೀಪ ಹಚ್ಚಿದ್ರೆ ಹಚ್ಲಿ. ಹೊಸ್ತಿಲಾಚೆ ಜಗಲೀಲಿ ಮಲಗ್ತೀನಿ ಬೇಕಾದ್ರೆ. ಮೈಮೇಲೆ ಸುರಿಯೋ ಗಾಜಿನ ಹಿಂದೆ ನಾನು ಕೂರಲ್ಲ."

ಚಂದ್ರು ಇಕ್ಬಾಲನ ಕಡೆ ತಿರುಗಿ, "ನಿನ್ ತಮ್ಮಂಗೆ ಫೋನ್ ಮಾಡು ಮಾರಾಯ. ಬಿರಿಯಾನಿ ಆಮೇಲ್ ತಿನ್ಲಿ," ಎಂದ.

ನಾನು ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಸೆಲ್ವಿಯ ಮನೆಗೆ ಮಾಡಿದೆ. ಅವಳ ಗಂಡ ನಮ್ಮಪ್ಪನ ಜೊತೆ ಕಬ್ಬಿಣದ ಕಾರ್ಖಾನೆಯಲ್ಲೇ ಕೆಲಸ. ಆ ದಿನ ಇಬ್ಬರಿಗೂ ಸೆಕೆಂಡ್ ಶಿಫ್ಟು, ಅಮ್ಮ ಮನೆಯಲ್ಲಿ ಒಬ್ಬಳೇ. ವ್ಯಾನಿನ ಗಾಜು ಒಡೆದಿದೆ, ಯಾರಿಗೂ ಏನೂ ಆಗಿಲ್ಲ, ಬರುವುದು ತಡವಾಗುತ್ತದೆ, ಕತ್ತಲಾಗಬಹುದು ಎಂದು ಅಮ್ಮನಿಗೆ ಹೇಳು ಎಂದೆ.

"ಕತ್ತಲಾ? ಅಯ್ಯಯ್ಯೋ ಅಕ್ಕಾ, ಅಮ್ಮ ಕೊಲ್ತಾರೆ ನಿಮ್ಮನ್ನ," ಎಂದಳು ಸೆಲ್ವಿ. "ಸರಿ, ಹೇಳ್ತೀನಿ. ಹೇಳಿ ಓಡಿ ಬರ್ತೀನಿ."

ಇಕ್ಬಾಲನ ತಮ್ಮ ಐದಕ್ಕೆ ಬರಲಿಲ್ಲ, ಐದೂವರೆ ದಾಟಿದ ಮೇಲೆ ಬಂದ. ಆ ಹೊತ್ತನ್ನು ನಾವು ಹೇಗೆ ಕಳೆದೆವೋ. ಇಕ್ಬಾಲ್ ಶೈಲಾಗೆ ಕಬ್ಬಿನ ಹಾಲು ತರಿಸಿದ; ಶುಂಠಿ ಹಾಕಿಸಿದೆಯೋ ಇಲ್ಲವೋ ಎಂದು ಚಂದ್ರು ಎರಡು ಸಲ ಕೇಳಿದ. ಗೋಡೆಯ ಮೇಲಿನ ಬಿಸಿಲು ಕೆಂಪಾಗುತ್ತ ಮೇಲೇರಿತು. ಶೈಲಾ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆಯಲ್ಲ, ಹೊಟ್ಟೆಯ ಮೇಲಿನ ಬೆರಳುಗಳು ಆಗಾಗ ಅಲುಗುತ್ತಿದ್ದವು. ನಾನು ಮಗು ಒದೆಯುತ್ತಿದೆಯಾ ಎಂದು ಕೇಳಲು ಹೋಗಿ, ಇಲ್ಲ ಎಂದರೆ ಏನು ಮಾಡಲಿ ಎಂದು ಹೆದರಿ ಸುಮ್ಮನಾದೆ.

ಹಳೆಯ ಗಾಜು ತೆಗೆಯುವಾಗ ಇಕ್ಬಾಲನ ತಮ್ಮ ವ್ಯಾನಿನೊಳಗೆ ಬೆನ್ನ ಮೇಲೆ ಮಲಗಿ, ಎರಡೂ ಪಾದಗಳನ್ನು ಗಾಜಿಗೆ ಕೊಟ್ಟು ಒತ್ತಿದ. ರಬ್ಬರು ಕಿತ್ತು ಗಾಜು ಹೊರಗೆ ಬಾಗಿತು. ಇನ್ನಷ್ಟು ಗೆರೆಗಳು ಮೂಡಿದವು, ಆದರೆ ಒಂದು ಚೂರೂ ಬೀಳಲಿಲ್ಲ. ಒದ್ದೆ ಕಂಬಳಿಯಂತೆ ಮಡಿಚಿಕೊಂಡು ಇಕ್ಬಾಲನ ಕೈಗೆ ಬಂತು.

"ನೋಡಿದ್ರಾ?" ಎಂದ ಚಂದ್ರು ನನಗೆ. "ಕೈ ಬಿಡ್ಲಿಲ್ಲ. ಹೋಗಬಹುದಿತ್ತು."

ಹೋಗಬಹುದಿತ್ತೋ ಏನೋ. ಅವನದು ಸುಳ್ಳೆಂದು ನಾನ್ಯಾಕೆ ಹೇಳಲಿ? ನಾವು ಹೋಗಲಿಲ್ಲ, ಆದ್ದರಿಂದ ಗೊತ್ತಾಗುವ ದಾರಿಯೂ ಇಲ್ಲ. ಹೊಸ ಗಾಜಿನ ಸುತ್ತ ರಬ್ಬರು ತೊಡಿಸಿ, ಅದರ ಸಂದಿಯಲ್ಲಿ ಒಂದು ಉದ್ದನೆಯ ಹುರಿ ಸೇರಿಸಿ, ಸೋಪಿನ ನೀರು ಹಚ್ಚಿದರು. ಒಬ್ಬ ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತಿದ್ದರೆ ಇನ್ನೊಬ್ಬ ಒಳಗಿನಿಂದ ಹುರಿ ಎಳೆಯುತ್ತ ಹೋದ. ರಬ್ಬರಿನ ತುಟಿ ತಗಡಿನ ಅಂಚನ್ನು ಒಂದೊಂದೇ ಬೆರಳಗಲ ಕಚ್ಚಿಕೊಂಡಿತು. ಮೂಲೆಯ ಅಕ್ಷರವನ್ನು ಈ ಸಲ ಚಂದ್ರುವೇ ಬಾಗಿ ಓದಿದ. ಕೆಲಸ ಮುಗಿದಾಗ ಬೀದಿದೀಪಗಳು ಹತ್ತಿದ್ದವು.

ತುಂಗಾ ಸೇತುವೆ ದಾಟುವಾಗ ಹೊಳೆಯ ಮೇಲೆ ಸ್ವಲ್ಪ ಬೆಳಕು ಉಳಿದಿತ್ತು. ನಿದಿಗೆ ಬರುವಾಗ ಅದೂ ಇರಲಿಲ್ಲ. ಎದುರಿನ ಲಾರಿಗಳ ದೀಪ ಹೊಸ ಗಾಜಿನಲ್ಲಿ ಎರಡಕ್ಕೆ ಎರಡೇ ಕಂಡವು. ಚಂದ್ರು ಯಾವ ಲಾರಿಯ ಹಿಂದೆಯೂ ಹತ್ತಿರ ಹೋಗಲಿಲ್ಲ. ಮಾಚೇನಹಳ್ಳಿಯಲ್ಲಿ ಒಂದು ದೊಡ್ಡ ಉಬ್ಬು, ಅದನ್ನು ದಾಟಿಸಿ ಹಿಂದಕ್ಕೆ ತಿರುಗದೆಯೇ ಕೇಳಿದ, "ಸರಿ ಇದೀಯಾ?"

"ಇದೀನಿ. ನಿಮ್ ಮಗ ಹುಲಿ ಬೋರ್ಡ್ ನೋಡ್ಲಿಲ್ಲ ಅಂತ ಒದೀತಿದಾನೆ," ಎಂದಳು ಶೈಲಾ. ನನಗೆ ನಗುವಿನ ಜೊತೆಗೆ ಅಳುವೂ ಬಂತು. ಆದರೆ ಭದ್ರಾವತಿ ಹತ್ತಿರವಾದಂತೆ ಅವಳೂ ಸುಮ್ಮನಾದಳು. ಜಗಲಿಯಲ್ಲಿ ಮಲಗುತ್ತೇನೆ ಎಂದು ಅಂಗಡಿಯಲ್ಲಿ ಹೇಳುವುದು ಬೇರೆ, ಅಮ್ಮನ ಮುಖ ನೋಡುವುದು ಬೇರೆ. ಕಾರ್ಖಾನೆಯ ಚಿಮಣಿಗಳ ಕೆಂಪು ದೀಪಗಳು ಕಂಡವು. ಕ್ವಾರ್ಟರ್ಸಿನ ತಿರುವಿನಲ್ಲಿ ಆಗಲೇ ಎಲ್ಲರ ಮನೆಯಲ್ಲೂ ಟೀವಿ ಸದ್ದು, ಕುಕ್ಕರಿನ ಸೀಟಿ.

ನಮ್ಮ ಸಾಲಿನಲ್ಲಿ ಎಲ್ಲ ಮನೆಗಳಲ್ಲೂ ಬೆಳಕಿತ್ತು. ನಮ್ಮ ಮನೆ ಮಾತ್ರ ಕತ್ತಲು. ಪಕ್ಕದ ಸೆಲ್ವಿಯ ಮನೆಯ ಮುಂದಿನ ಬಲ್ಬೂ ಇರಲಿಲ್ಲ.

ಅಮ್ಮ ಸಿಟ್ಟಿನಿಂದ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದಾಳೆ ಎಂದುಕೊಂಡೆ. ಮರುಕ್ಷಣವೇ ಅದಕ್ಕಿಂತ ಕೆಟ್ಟದ್ದೂ ಮನಸ್ಸಿಗೆ ಬಂತು. ಚಂದ್ರು ಎಂಜಿನ್ ನಿಲ್ಲಿಸಿದ. ವ್ಯಾನಿನ ಹೆಡ್‌ಲೈಟು ನಮ್ಮ ಮೆಟ್ಟಿಲ ಮೇಲೆ ಬಿದ್ದಿತ್ತು. ಅಲ್ಲಿ ಅಮ್ಮ ಆರತಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಕಿಗೆ ಕೈ ಅಡ್ಡ ಹಿಡಿದಳು.

ಶೈಲಾ ಇಳಿದು, ಗೇಟಿನ ಹತ್ತಿರವೇ ನಿಂತುಬಿಟ್ಟಳು. "ಅಮ್ಮ, ತಡ ಆಯ್ತು," ಎಂದಳು. "ನಾನೇ ಕಾಯೋಣ ಅಂದೆ. ಇವ್ರನ್ನ ಬಯ್ಬೇಡ."

"ಯಾರು ಹೇಳಿದ್ದು ತಡ ಆಯ್ತು ಅಂತ?" ಎಂದಳು ಅಮ್ಮ. "ನಾನಿನ್ನೂ ದೀಪ ಹಚ್ಚಿಲ್ಲ."

ಕಾಂಪೌಂಡಿನ ಆಚೆಯಿಂದ ಸೆಲ್ವಿಯ ಧ್ವನಿ ಬಂತು. "ಅಕ್ಕಾ, ಆರು ಗಂಟೆಯಿಂದ ಲೈಟೂ ಹಾಕಿಲ್ಲ ನಿಮ್ಮಮ್ಮ! ನಮ್ ಬಲ್ಬಿನ ಬೆಳಕು ನಿಮ್ ಹೊಸ್ತಿಲಿಗೆ ಬೀಳುತ್ತೆ ಅಂತ ಅದನ್ನೂ ಆರಿಸಿಬಿಟ್ರು. ನನ್ ಮಕ್ಕಳು ಅಡಿಗೆಮನೇಲಿ ಕೂತು ಓದ್ತಿದಾವೆ!"

"ಓದ್ಲಿ ಬಿಡೇ, ಒಂದಿನ," ಎಂದಳು ಅಮ್ಮ. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಅಳಿಯಂದ್ರೇ, ಗಾಡಿ ಲೈಟು ಒಂಚೂರು ಆರಿಸಿ."

ಚಂದ್ರು ಆರಿಸಿದ. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಕತ್ತಲಾಯಿತು. ಶೈಲಾಳ ಹಸಿರು ಬಳೆಗಳ ಸದ್ದು ಮೆಟ್ಟಿಲು ಹತ್ತಿತು, ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಒಳಗೆ ಹೋಯಿತು. ಆಮೇಲೆ ಅಮ್ಮ ಬೆಂಕಿಕಡ್ಡಿ ಗೀರಿದಳು. ಮೊದಲನೆಯದು ಹತ್ತಲಿಲ್ಲ. ಇನ್ನೊಂದು ಗೀರಿದಳು.